ತರ್ಕಫಲಕಗಳ ವಿನ್ಯಾಸನಿರ್ಬಂಧ: ಶರಾವತಿಯ ಹಿನ್ನೀರಿನ ಒಂದು ನಿದರ್ಶನ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾಯ್ದು, ಸಾಗರ ತಾಲ್ಲೂಕಿನ ಮೇರೆಯಲ್ಲಿ ಜೋಗದ ಕಮರಿಗೆ ಧುಮುಕಿ, ಹೊನ್ನಾವರದ ಬಳಿ ಕಡಲನ್ನು ಸೇರುವ ಶರಾವತಿಯು ಕನ್ನಡಿಗರಿಗೆ ಪರಿಚಿತವಾದ ನದಿ. ಅಂಬು ಎಂದರೆ ಕನ್ನಡದಲ್ಲಿ ಬಾಣ, ಸಂಸ್ಕೃತದಲ್ಲಿ ನೀರು; ಬಾಣದಿಂದ ನೀರು ಚಿಮ್ಮಿತೆಂಬ ಸ್ಥಳಪುರಾಣಕ್ಕೆ ಎರಡು ಭಾಷೆಗಳೂ ಕೂಡಿ ಸಾಕ್ಷಿ ನುಡಿಯುವಂತಿರುವುದು ಒಂದು ವಿನೋದ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಈ ನದಿಯು ಹೊಸನಗರ ಮತ್ತು ಸಾಗರ ತಾಲ್ಲೂಕುಗಳ ಕಣಿವೆಗಳನ್ನು ತುಂಬಿ ವಿಸ್ತಾರವಾದ ಹಿನ್ನೀರಾಗಿ ನಿಂತಿದೆ. ಮುಳುಗಿದ ಊರುಗಳ ಕಥೆ ದೊಡ್ಡದು. ಅದು ಇಲ್ಲಿ ಪ್ರಕೃತವಲ್ಲ. ಪ್ರಕೃತವಾದುದು, ೨೦೨೦ನೆಯ ವರ್ಷದ ಆದಿಭಾಗದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿದ್ವಾಂಸರು ಈ ಹಿನ್ನೀರಿನ ಮೇಲೆ ತೆಪ್ಪವೊಂದನ್ನು ತೇಲಿಬಿಟ್ಟು, ಅದರ ಮೇಲೆ ನಿಲ್ಲಿಸಿದ ಆಂಟೆನಾದಿಂದ ಆಕಾಶದ ರೇಡಿಯೋ ಅಲೆಗಳನ್ನು ಅಳೆದ ಸಂಗತಿ. ಅದಕ್ಕೆ ಸ್ವಲ್ಪ ಮೊದಲು ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಇದೇ ಯಂತ್ರವು ತೇಲಿತ್ತು. ವಾರ್ತೆಗಳಲ್ಲಿ ಇವೆರಡನ್ನೂ ಉತ್ತರ ಕರ್ಣಾಟಕದ ಜಲಾಶಯಗಳೆಂದು ಬರೆದದ್ದನ್ನು ಓದಿ ಮಲೆನಾಡಿನವರು ನಕ್ಕಿರಬಹುದು.

ಯಂತ್ರದ ಹೆಸರು ಸರಸ್-೩. ಇಂಗ್ಲಿಷಿನ ದೀರ್ಘವಾದ ಹೆಸರೊಂದರ ಅಕ್ಷರಗಳನ್ನು ಆಯ್ದು ಕೂಡಿಸಿದ ಸಂಕೇತವಿದು. ಆದರೆ ಸಂಸ್ಕೃತದಲ್ಲಿ ಸರಸ್ ಎಂದರೆ ಸರೋವರವೇ ಆದುದರಿಂದ, ನೀರಿನ ಮೇಲೆ ನಿಂತ ಮೂರನೆಯ ಆವೃತ್ತಿಗೆ ಈ ಹೆಸರು ಅನ್ವರ್ಥವಾಗಿಬಿಟ್ಟಿತು. ನೀರನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ನೆಲದ ಮೇಲೆ ನಿಂತ ಆಂಟೆನಾಕ್ಕೆ ಅಡಿಯ ಮಣ್ಣು, ಬಂಡೆ, ತೇವ ಇವು ಒಂದೊಂದು ಪದರದಲ್ಲಿ ಒಂದೊಂದು ವಿಧವಾಗಿದ್ದು ತಮ್ಮದೇ ಆದ ಕಲ್ಮಷವನ್ನು ಅಳತೆಗೆ ಬೆರೆಸುತ್ತವೆ. ಆಳವಾದ ನೀರಾದರೋ ಏಕರೂಪವಾದ ಆಧಾರ.

ಅಳೆಯಬೇಕಾಗಿದ್ದ ವಸ್ತುವು ಅತ್ಯಂತ ಸೂಕ್ಷ್ಮವಾದದ್ದು. ವಿಶ್ವದಲ್ಲಿ ಮೊದಲ ನಕ್ಷತ್ರಗಳು ಬೆಳಗಿದ ಕಾಲದ ಜಲಜನಕವು ತನ್ನ ೨೧ ಸೆಂಟಿಮೀಟರಿನ ಅಲೆಯ ಮೂಲಕ ಒಂದು ಗುರುತನ್ನು ಬಿಟ್ಟಿರಬೇಕೆಂದು ಸಿದ್ಧಾಂತವಿದೆ. ಮೂಲದಲ್ಲಿ ಸೆಕೆಂಡಿಗೆ ೧೪೨ ಕೋಟಿ ಕಂಪನಗಳುಳ್ಳ ಆ ಅಲೆಯು, ಅಂದರೆ ೧೪೨೦ ಮೆಗಾಹರ್ಟ್ಸಿನದು, ವಿಶ್ವದ ವಿಸ್ತರಣದಿಂದ ಹಿಗ್ಗಿ ಇಂದು ೪೦ರಿಂದ ೨೦೦ ಮೆಗಾಹರ್ಟ್ಸಿನ ಮಧ್ಯದಲ್ಲಿ ಕಾಣಿಸಿಕೊಳ್ಳಬೇಕು. ಎಫ್.ಎಂ. ಬಾನುಲಿಯ ಕೇಂದ್ರಗಳೂ ಇದೇ ಪಟ್ಟಿಯೊಳಗೆ ಕೂಗುತ್ತಿರುವುದರಿಂದ ಪಟ್ಟಣಗಳಿಂದ ದೂರ ಹೋಗಬೇಕಾಯಿತು. ೨೦೧೮ರಲ್ಲಿ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನಿಲ್ಲಿಸಿದ್ದ ಎಡ್ಜಸ್ ಎಂಬ ಉಪಕರಣದಿಂದ, ೭೮ ಮೆಗಾಹರ್ಟ್ಸಿನ ಸುತ್ತ ಸುಮಾರು ಅರ್ಧ ಕೆಲ್ವಿನ್ ಆಳದ ತಗ್ಗೊಂದು ಕಂಡಿತೆಂದು ಅಮೆರಿಕದ ವಿದ್ವಾಂಸರು ಪ್ರಕಟಿಸಿದರು. ಆ ಪಟ್ಟಿಯಲ್ಲಿ ಆಕಾಶದ ಸಹಜವಾದ ರೇಡಿಯೋ ಕಾಂತಿಯೇ ಸಾವಿರ ಕೆಲ್ವಿನ್ನನ್ನು ಮೀರಿರುತ್ತದೆ. ಸಾವಿರಾರು ಭಾಗಗಳಲ್ಲಿ ಒಂದು ಭಾಗದಷ್ಟಿರುವ ಈ ತಗ್ಗು ಆಕಾಶದ್ದೋ ಯಂತ್ರದ್ದೋ ಎಂಬುದೇ ವಿವಾದ. ಸರಸ್-೩ರ ಅಳತೆಗಳನ್ನು ಸೌರಭ್ ಸಿಂಗ್ ಮೊದಲಾದವರು ೨೦೨೨ರ ಫೆಬ್ರವರಿಯಲ್ಲಿ ಪ್ರಕಟಿಸಿ, ಎಡ್ಜಸ್ ಹೇಳಿದ ಆಕಾರದ ತಗ್ಗು ತಮ್ಮ ಅಳತೆಯಲ್ಲಿ ಇಲ್ಲವೆಂದು ನೂರಕ್ಕೆ ೯೫.೩ರಷ್ಟು ವಿಶ್ವಾಸದಿಂದ ನಿರಾಕರಿಸಿದರು. ಇಂಥ ನಿರಾಕರಣವನ್ನು ಮಾಡುವವನ ಯಂತ್ರದಲ್ಲಿ ಎಲ್ಲಿಯೂ ತಪ್ಪು ನುಸುಳಬಾರದು; ನುಸುಳಿದರೆ ಅದು ತಿಳಿಯುವಂತಿರಬೇಕು. ವಿನ್ಯಾಸನಿರ್ಬಂಧಗಳ ವಿಚಾರವು ಇಲ್ಲಿಗೆ ಬಂದು ಸೇರುತ್ತದೆ.

ಆಂಟೆನಾದಿಂದ ಬಂದ ಅಲೆಯನ್ನು ಅಂಕೆಗಳಾಗಿ ಮಾರ್ಪಡಿಸಿ, ಆ ಅಂಕೆಗಳನ್ನು ಕಂಪನಸಂಖ್ಯೆಗೆ ಅನುಸಾರವಾಗಿ ವಿಂಗಡಿಸುವ ಪೆಟ್ಟಿಗೆಯೊಂದು ಈ ಯಂತ್ರದ ಅಂಗ. ಅದರ ರಚನೆಯನ್ನು ಬಿ. ಎಸ್. ಗಿರೀಶ್ ಮೊದಲಾದವರು ೨೦೨೦ರಲ್ಲಿ ವಿವರಿಸಿ ಬರೆದಿದ್ದಾರೆ. ಪಿ-ಸ್ಪೆಕ್ ಎಂಬ ಆ ಫಲಕದಲ್ಲಿ ಅಲೆಯನ್ನು ೧೦ ಬಿಟ್ಟುಗಳ ಅಂಕೆಗಳಾಗಿ ಮಾಡುವ ಎರಡು ಪರಿವರ್ತಕಗಳೂ, ಅವುಗಳ ನಡುವೆ ಗಣಿತವನ್ನು ನಡೆಸುವ ವರ್ಟೆಕ್ಸ್-೬ ಎಂಬ ಜಾತಿಯ ಒಂದು ಎಫ್.ಪಿ.ಜಿ.ಎ. ತುಂಡೂ ಇವೆ. ಸುಮಾರು ೬೧ ಸಾವಿರ ಹರ್ಟ್ಸುಗಳಷ್ಟು ಕಿರಿದಾದ ಮನೆಗಳಾಗಿ ಇದು ಪಟ್ಟಿಯನ್ನು ಭಾಗಿಸುತ್ತದೆ. ದೂರದ ಸ್ಥಳಗಳಿಗೆ ಹೊತ್ತೊಯ್ಯಬೇಕಾದುದರಿಂದ ಚಿಕ್ಕದಾಗಿಯೂ ಬ್ಯಾಟರಿಯಿಂದಲೇ ನಡೆಯುವಂತೆಯೂ ಇದನ್ನು ನಿರ್ಮಿಸಲಾಯಿತು.

ಎಫ್.ಪಿ.ಜಿ.ಎ. ಎಂದರೇನು? ಕಾರ್ಖಾನೆಯಿಂದ ಹೊರಬರುವಾಗ ಇದಕ್ಕೆ ಯಾವ ನಿಯತವಾದ ಕಾರ್ಯವೂ ಇಲ್ಲ. ಬಳಸುವವನು ತನಗೆ ಬೇಕಾದ ತರ್ಕವನ್ನು ಇದರಲ್ಲಿ ತುಂಬಬಹುದು, ಅಳಿಸಿ ಬೇರೆಯದನ್ನು ತುಂಬಬಹುದು. ಈ ಜಾತಿಯ ಮೊದಲ ವಾಣಿಜ್ಯವಸ್ತುವನ್ನು ಝೈಲಿಂಕ್ಸ್ ಕಂಪನಿಯು ೧೯೮೫ರಲ್ಲಿ ಮಾರುಕಟ್ಟೆಗೆ ತಂದಿತು. ಅದರಲ್ಲಿದ್ದ ತರ್ಕಕೋಷ್ಠಗಳು ೬೪. ಪಿ-ಸ್ಪೆಕ್ಕಿನಲ್ಲಿರುವ ತುಂಡಿನಲ್ಲಿ ಆರು ಪ್ರವೇಶಗಳುಳ್ಳ ಫಲಸೂಚಿಗಳೇ ಒಂದೂವರೆ ಲಕ್ಷವನ್ನು ಮೀರಿವೆ. ಫಲಸೂಚಿಯ ಸ್ವರೂಪವು ಛಂದಶ್ಶಾಸ್ತ್ರವನ್ನು ಬಲ್ಲವರಿಗೆ ಕ್ಷಣಮಾತ್ರದಲ್ಲಿ ತಿಳಿಯತಕ್ಕದ್ದು. ಪಾದಕ್ಕೆ ಆರು ಅಕ್ಷರಗಳುಳ್ಳ ಗಾಯತ್ರೀವರ್ಗದಲ್ಲಿ ಲಘು ಗುರುಗಳ ಪ್ರಸ್ತಾರವನ್ನು ಬರೆದರೆ ೬೪ ಸಾಲುಗಳಾಗುತ್ತವೆ. ಆರು ತಂತಿಗಳ ಮೇಲೆ ಸೊನ್ನೆ ಒಂದುಗಳು ಬರುವ ಬಗೆಗಳೂ ಹಾಗೆಯೇ ೬೪. ಪ್ರಸ್ತಾರದ ಒಂದೊಂದು ಸಾಲಿನ ಎದುರಿಗೂ ಸೊನ್ನೆಯೋ ಒಂದೋ ಎಂಬ ಉತ್ತರವನ್ನು ಬರೆದಿಟ್ಟರೆ ಅದೇ ಫಲಸೂಚಿ. ಬಂದ ರೂಪವು ಎಷ್ಟನೆಯ ಸಾಲೆಂದು ಉದ್ದಿಷ್ಟಕ್ರಮದಿಂದ ಹುಡುಕಿ ಅಲ್ಲಿರುವ ಉತ್ತರವನ್ನು ಹೊರಗೆ ಕೊಡುವುದೇ ಅದರ ಕೆಲಸ. ಇಂಥ ಲಕ್ಷಾಂತರ ಸೂಚಿಗಳನ್ನು ತಂತಿಗಳಿಂದ ಜೋಡಿಸಿದರೆ ಸಂಕಲನ, ಗುಣಾಕಾರ, ಎಲ್ಲವೂ ಸಾಧ್ಯ. ವರ್ಟೆಕ್ಸ್ ಜಾತಿಯಲ್ಲಿ ವಿದ್ಯುತ್ತು ನಿಂತೊಡನೆ ಬರೆದುದೆಲ್ಲ ಅಳಿಸಿಹೋಗುವುದರಿಂದ, ಪ್ರತಿಸಲವೂ ಪ್ರಾರಂಭದಲ್ಲಿ ಪುನಃ ತುಂಬಬೇಕು.

ವಿನ್ಯಾಸಕಾರನು ಯಾವ ಗಣಿತವು ನಡೆಯಬೇಕೆಂಬುದನ್ನು ವಿ.ಎಚ್.ಡಿ.ಎಲ್. ಅಥವಾ ವೆರಿಲಾಗ್ ಎಂಬ ಭಾಷೆಯಲ್ಲಿ ಬರೆಯುತ್ತಾನೆ. ಯಾವ ಸೂಚಿ ಎಲ್ಲಿ ಕೂರಬೇಕು, ಯಾವ ತಂತಿ ಯಾವ ದಾರಿ ಹಿಡಿಯಬೇಕು ಎಂಬುದನ್ನು ತಂತ್ರಾಂಶವು ನಿರ್ಧರಿಸುತ್ತದೆ. ಒಂದೇ ತರ್ಕಕ್ಕೆ ಎಣಿಸಲಾರದಷ್ಟು ಜೋಡಣೆಗಳಿರುತ್ತವೆ. ಅರ್ಥದೃಷ್ಟಿಯಿಂದ ಎಲ್ಲವೂ ಸರಿ, ಆದರೆ ಬಹುಪಾಲು ನಿಷ್ಪ್ರಯೋಜಕ. ಇವುಗಳಲ್ಲಿ ಗ್ರಾಹ್ಯವಾದದ್ದು ಯಾವುದೆಂದು ತಿಳಿಸುವ ಪ್ರತ್ಯೇಕ ವಾಕ್ಯಸಮೂಹವೇ ವಿನ್ಯಾಸನಿರ್ಬಂಧ. ಕಂದಪದ್ಯದ ಲಕ್ಷಣವನ್ನು ನೆನೆಯಬಹುದು. ವಿಷಮಸ್ಥಾನದಲ್ಲಿ ಜಗಣ ಬಾರದು, ಆರನೆಯ ಗಣವು ಜಗಣವಾಗಿರಬೇಕು ಇಲ್ಲವೆ ಸರ್ವಲಘುವಾಗಿರಬೇಕು ಎಂಬ ನಿಯಮಗಳು ಪದ್ಯದ ಅರ್ಥವನ್ನು ಹೇಳುವುದಿಲ್ಲ. ಅರ್ಥವು ಯಾವ ಮೈಯಲ್ಲಿ ನಿಲ್ಲಬೇಕೆಂಬುದನ್ನು ಹೇಳುತ್ತವೆ. ಭೇದವೇನೆಂದರೆ, ಛಂದಸ್ಸು ಕೆಟ್ಟ ಕಂದವನ್ನು ಓದುಗನ ಕಿವಿ ಒಡನೆಯೇ ಹಿಡಿಯುತ್ತದೆ. ನಿರ್ಬಂಧ ಕೆಟ್ಟ ತರ್ಕಫಲಕವು ಸಾವಿರ ಸಲ ಸರಿಯಾದ ಉತ್ತರವನ್ನು ಕೊಟ್ಟು ಸಾವಿರದ ಒಂದನೆಯ ಸಲ ತಪ್ಪನ್ನು ಕೊಟ್ಟು ಸುಮ್ಮನಿರಬಲ್ಲದು.

ನಿರ್ಬಂಧಗಳಲ್ಲಿ ಪ್ರಧಾನವಾದದ್ದು ಕಾಲನಿರ್ಬಂಧ. ಫಲಕದೊಳಗಿನ ಸಮಸ್ತ ವ್ಯಾಪಾರವೂ ಕ್ಲಾಕ್ ಎಂಬ ತಾಳಕ್ಕೆ ಅಧೀನ. ಪ್ರತಿ ಪೆಟ್ಟಿನಲ್ಲಿಯೂ ಫ್ಲಿಪ್‌ಫ್ಲಾಪ್ ಎಂಬ ಕೋಷ್ಠಗಳು ಎದುರಿಗಿದ್ದ ಬಿಟ್ಟನ್ನು ಹಿಡಿದಿಟ್ಟುಕೊಳ್ಳುತ್ತವೆ. ಮುಂದಿನ ಪೆಟ್ಟಿನೊಳಗಾಗಿ ಆ ಬಿಟ್ಟು ಫಲಸೂಚಿಗಳನ್ನು ದಾಟಿ, ತಂತಿಯ ದಾರಿಯನ್ನು ಸವೆಸಿ, ಮುಂದಿನ ಕೋಷ್ಠದ ಬಾಗಿಲಿಗೆ ಬಂದಿರಬೇಕು. ಬಂದರಷ್ಟೇ ಸಾಲದು, ಪೆಟ್ಟಿಗೆ ತುಸು ಮೊದಲೇ ಬಂದು ನಿಂತು, ಪೆಟ್ಟು ಬಿದ್ದ ಮೇಲೂ ತುಸು ಹೊತ್ತು ಕದಲದಿರಬೇಕು. ಈ ಸೀಮೆಯ ಯಕ್ಷಗಾನದಲ್ಲಿ ವೇಷಧಾರಿಯು ಮುಕ್ತಾಯದ ಹೆಜ್ಜೆಯನ್ನು ಭಾಗವತನ ತಾಳಕ್ಕೆ ಕೂಡಿಸುವ ಕ್ರಮವನ್ನು ಬಲ್ಲವರಿಗೆ ಇದು ಹೊಸದಲ್ಲ. ತಪ್ಪಿದರೆ ಕೋಷ್ಠವು ಹಳೆಯ ಬಿಟ್ಟನ್ನೇ ಹಿಡಿಯಬಹುದು, ಅಥವಾ ಸೊನ್ನೆಯೂ ಅಲ್ಲದ ಒಂದೂ ಅಲ್ಲದ ತ್ರಿಶಂಕುಸ್ಥಿತಿಯಲ್ಲಿ ಕೆಲಕ್ಷಣ ತೂಗಾಡಬಹುದು.

ಅಂಕಗಳನ್ನು ಹಿಡಿದು ನೋಡಿದರೆ ವಿಷಯವು ಸ್ಪಷ್ಟವಾಗುವುದು. ೨೦೦ ಮೆಗಾಹರ್ಟ್ಸಿನವರೆಗಿನ ಅಲೆಯನ್ನು ಕಳೆದುಕೊಳ್ಳದೆ ಅಂಕೆಗಳಾಗಿಸಬೇಕಾದರೆ ಸೆಕೆಂಡಿಗೆ ೪೦ ಕೋಟಿಗಿಂತ ಹೆಚ್ಚು ಸಲ ಅಳೆಯಬೇಕು. ಉದಾಹರಣೆಗೆ ೫೦ ಕೋಟಿ ಎಂದಿಟ್ಟುಕೊಳ್ಳಬಹುದು. ೮೧೯೨ ಅಳತೆಗಳ ಒಂದೊಂದು ಗುಂಪನ್ನು ಒಟ್ಟಿಗೆ ವಿಂಗಡಿಸಿದರೆ ಮನೆಯ ಅಗಲವು ೬೧,೦೩೫ ಹರ್ಟ್ಸ್ ಆಗುತ್ತದೆ. ಸೆಕೆಂಡಿಗೆ ೫೦ ಕೋಟಿ ಪೆಟ್ಟುಗಳ ತಾಳದಲ್ಲಿ ಇಷ್ಟು ದೊಡ್ಡ ಗಣಿತವನ್ನು ನಡೆಸುವುದು ದುಸ್ಸಾಧ್ಯವಾದುದರಿಂದ, ನಾಲ್ಕು ಅಳತೆಗಳನ್ನು ಜೊತೆಗೂಡಿಸಿ ನಾಲ್ಕು ದಾರಿಗಳಲ್ಲಿ ಸಮಕಾಲದಲ್ಲಿ ಒಯ್ದರೆ ಹನ್ನೆರಡೂವರೆ ಕೋಟಿ ಪೆಟ್ಟುಗಳು ಸಾಕು; ಪೆಟ್ಟಿನಿಂದ ಪೆಟ್ಟಿಗೆ ೮ ನ್ಯಾನೋಸೆಕೆಂಡು. ಒಂದು ಬಿಟ್ಟು ಕೋಷ್ಠದಿಂದ ಹೊರಡಲು ೦.೪, ಸೂಚಿಗಳನ್ನು ದಾಟಲು ೧.೯, ತಂತಿಯಲ್ಲಿ ೪.೬, ಮುಂಚಿತವಾಗಿ ನಿಲ್ಲಲು ೦.೧ ನ್ಯಾನೋಸೆಕೆಂಡು ಹಿಡಿಯಿತೆನ್ನಿ. ಮೊತ್ತ ೭, ಉಳಿಕೆ ೧. ತಂತ್ರಾಂಶವು ಅದೇ ಕೋಷ್ಠವನ್ನು ಫಲಕದ ಇನ್ನೊಂದು ಮೂಲೆಯಲ್ಲಿ ಇಟ್ಟು ತಂತಿಯ ಕಾಲವು ೫.೯ಕ್ಕೆ ಏರಿದರೆ ಮೊತ್ತ ೮.೩, ಉಳಿಕೆ ಋಣ ೦.೩. ತರ್ಕದಲ್ಲಿ ಒಂದಕ್ಷರವೂ ವ್ಯತ್ಯಾಸವಾಗಿಲ್ಲ, ಆದರೂ ಫಲವು ನಂಬತಕ್ಕದ್ದಲ್ಲ. ಈ ಅಂಕಗಳು ಎಣಿಕೆಯ ಸೌಕರ್ಯಕ್ಕಾಗಿ ಕಲ್ಪಿಸಿದವಾದರೂ ತಂತಿಯ ಕಾಲವು ತರ್ಕದ ಕಾಲವನ್ನು ಮೀರುವುದು ಇಂಥ ತುಂಡುಗಳಲ್ಲಿ ಸಾಧಾರಣ.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಫಲಕವನ್ನು ಮೇಜಿನ ಮೇಲಿಟ್ಟು ಓಡಿಸಿ ನೋಡಿ, ಸರಿಯಾದ ಉತ್ತರ ಬಂದರೆ ಸಾಲದೆ? ನಿರ್ಬಂಧವೆಂಬ ಬೇರೆ ಶಾಸ್ತ್ರವೇಕೆ? ಸಮಾಧಾನವೇನೆಂದರೆ, ಬಿಸಿ ಏರಿದಂತೆಯೂ ವೋಲ್ಟೇಜು ತಗ್ಗಿದಂತೆಯೂ ವಿಳಂಬವು ಸಾಮಾನ್ಯವಾಗಿ ಹೆಚ್ಚುತ್ತದೆ. ಒಂದೇ ಅಚ್ಚಿನ ಎರಡು ತುಂಡುಗಳಲ್ಲಿಯೂ ವಿಳಂಬಗಳು ಸಮವಲ್ಲ. ಬೆಂಗಳೂರಿನ ತಂಪಾದ ಕೋಣೆಯಲ್ಲಿ ನಡೆದುದು ಹಿನ್ನೀರಿನ ದಂಡೆಯ ಬಿಸಿಲಿನಲ್ಲಿ, ಬ್ಯಾಟರಿಯ ಆಧಾರದಲ್ಲಿ, ನಡೆಯುವುದೆಂಬುದಕ್ಕೆ ಪ್ರಮಾಣವಿಲ್ಲ. ಕಾಲನಿರ್ಬಂಧವನ್ನು ಬರೆದರೆ ತಂತ್ರಾಂಶವು ಅತ್ಯಂತ ಪ್ರತಿಕೂಲವಾದ ಸ್ಥಿತಿಯನ್ನು ಊಹಿಸಿ, ಆ ನಿರ್ಬಂಧಕ್ಕೆ ಒಳಪಟ್ಟ ಲಕ್ಷಾಂತರ ದಾರಿಗಳಲ್ಲಿ ಒಂದೊಂದನ್ನೂ ಲೆಕ್ಕಹಾಕುತ್ತದೆ. ಪ್ರತ್ಯಕ್ಷವು ಕಂಡ ಕೆಲವನ್ನೇ ಹೇಳಬಲ್ಲದು; ಈ ಲೆಕ್ಕವು ಕಾಣದುದನ್ನೂ ಒಳಕೊಳ್ಳುತ್ತದೆ.

ಮತ್ತೊಂದು ಶಂಕೆ: ಇಷ್ಟೆಲ್ಲ ಬಲ್ಲ ತಂತ್ರಾಂಶಕ್ಕೆ ನಿರ್ಬಂಧಗಳನ್ನು ಬೇರೆಯಾಗಿ ಹೇಳಬೇಕೇಕೆ? ಇದಕ್ಕೆ ಉತ್ತರವನ್ನು ಮೀಮಾಂಸಕರ ವಿಧಿವಿಭಾಗದಲ್ಲಿ ಹುಡುಕಿದರೆ ಅನುಕೂಲ. ಅವರು ವಿಧಿಯನ್ನು ಮೂರಾಗಿ ಎಣಿಸುತ್ತಾರೆ. ಬೇರೆ ಯಾವ ಪ್ರಮಾಣದಿಂದಲೂ ತಿಳಿಯದುದನ್ನು ತಿಳಿಸುವುದು ಅಪೂರ್ವವಿಧಿ. ಹಲವು ಉಪಾಯಗಳು ಪಕ್ಷದಲ್ಲಿ ಪ್ರಾಪ್ತವಾಗಿರುವಾಗ ಒಂದನ್ನೇ ಗೊತ್ತುಮಾಡುವುದು ನಿಯಮವಿಧಿ. ಬತ್ತದ ಹೊಟ್ಟನ್ನು ಉಗುರಿನಿಂದಲೂ ಬಿಡಿಸಬಹುದಾಗಿರುವಾಗ ಕುಟ್ಟಿಯೇ ತೆಗೆಯಬೇಕೆಂಬುದು ಇದರ ಪ್ರಸಿದ್ಧ ಉದಾಹರಣೆ. ಎರಡೂ ಏಕಕಾಲದಲ್ಲಿ ಪ್ರಾಪ್ತವಾಗಿರುವಾಗ ಒಂದನ್ನು ಹೊರಗಿಡುವುದು ಪರಿಸಂಖ್ಯಾವಿಧಿ.

ಕ್ಲಾಕಿನ ಘೋಷಣೆಯು ಅಪೂರ್ವವಿಧಿ. ಹೊರಗಿನಿಂದ ಬರುವ ತಾಳದ ವೇಗವೆಷ್ಟೆಂಬುದು ತರ್ಕದ ಬರಹದಲ್ಲಿ ಎಲ್ಲಿಯೂ ಇಲ್ಲ, ತುಂಡಿನಲ್ಲಿಯೂ ಇಲ್ಲ. ವಿನ್ಯಾಸಕಾರನು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೇಳದಿದ್ದರೆ ತಂತ್ರಾಂಶವು ದೂರುವುದಿಲ್ಲವೆಂಬುದೇ ಅಪಾಯ. ಆ ತಾಳಕ್ಕೆ ಅಧೀನವಾದ ದಾರಿಗಳನ್ನು ಪರೀಕ್ಷಿಸದೆ ಬಿಟ್ಟು, ಸೋತ ದಾರಿಗಳು ಸೊನ್ನೆ ಎಂದು ವರದಿಯಲ್ಲಿ ಬರೆದುಬಿಡುತ್ತದೆ. ಪರಿವರ್ತಕದಿಂದ ಬರುವ ಅಂಕೆಗಳು ತಮ್ಮ ತಾಳಕ್ಕೆ ಹೋಲಿಸಿದರೆ ಎಷ್ಟು ಮುಂದಾಗಿ ಅಥವಾ ಹಿಂದಾಗಿ ಬಾಗಿಲಿಗೆ ಬರುತ್ತವೆ ಎಂಬ ಪ್ರವೇಶವಿಳಂಬದ ಹೇಳಿಕೆಯೂ ಇದೇ ವರ್ಗದ್ದು. ಅದು ಫಲಕದ ಹೊರಗಿನ ಸತ್ಯ, ಒಳಗಿರುವವರಿಗೆ ತಿಳಿಯುವಂಥದಲ್ಲ. ಇನ್ನು ಯಾವ ಸಂಕೇತವು ತುಂಡಿನ ಯಾವ ಕಾಲಿಗೆ ಬರಬೇಕು, ಯಾವ ಗಣಿತಭಾಗವು ಯಾವ ಮೂಲೆಯಲ್ಲಿ ಕೂರಬೇಕು ಎಂಬ ಸ್ಥಾನನಿರ್ಬಂಧಗಳು ನಿಯಮವಿಧಿಗಳು. ತಂತ್ರಾಂಶಕ್ಕೆ ಎಲ್ಲ ಕಾಲುಗಳೂ ಪಕ್ಷದಲ್ಲಿ ಪ್ರಾಪ್ತ. ಆದರೆ ಫಲಕದ ತಾಮ್ರದ ಗೆರೆಗಳು ಮೊದಲೇ ಎಳೆದಾಗಿವೆ. ಇವುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ: ತಪ್ಪಿದರೆ ಯಂತ್ರವು ಮೊದಲ ದಿನವೇ ಮೌನವಾಗಿರುತ್ತದೆ, ತಪ್ಪು ಸಿಕ್ಕಿಬೀಳುತ್ತದೆ.

ವಿಚಾರಿಸಬೇಕಾದದ್ದು ಮೂರನೆಯದು. ಒಂದು ಫಲಕದಲ್ಲಿ ಎರಡು ತಾಳಗಳಿರುವುದುಂಟು: ಅಲೆಯನ್ನು ಅಳೆಯುವ ತಾಳ ಒಂದು, ಫಲವನ್ನು ಹೊರಗಿನ ಗಣಕಕ್ಕೆ ಕಳುಹಿಸುವ ತಾಳ ಇನ್ನೊಂದು. ಇವೆರಡಕ್ಕೂ ಪರಸ್ಪರ ಹೊಂದಿಕೆಯಿಲ್ಲದಿದ್ದರೆ ಒಂದರಿಂದ ಇನ್ನೊಂದಕ್ಕೆ ದಾಟುವ ಬಿಟ್ಟು ಯಾವ ಗಳಿಗೆಯಲ್ಲಾದರೂ ಬರಬಹುದು. ಅಲ್ಲಿ ಉಳಿಕೆಯ ಲೆಕ್ಕವೇ ಅರ್ಥಹೀನ. ಅದಕ್ಕಾಗಿ ವಿನ್ಯಾಸಕಾರನು ಒಂದರ ಹಿಂದೊಂದು ಕೋಷ್ಠಗಳನ್ನಿಟ್ಟು ತ್ರಿಶಂಕುಸ್ಥಿತಿಯು ಶಮನವಾಗಲು ಅವಕಾಶ ಕೊಡುತ್ತಾನೆ, ಅಥವಾ ಎರಡು ಬಾಗಿಲುಗಳುಳ್ಳ ಉಗ್ರಾಣದ ಮೂಲಕ ಅಂಕೆಗಳನ್ನು ಸಾಗಿಸುತ್ತಾನೆ. ಬಳಿಕ, ಈ ದಾರಿಯನ್ನು ಕಾಲಪರೀಕ್ಷೆಯಿಂದ ಬಿಡಬೇಕು ಎಂದು ನಿರ್ಬಂಧದಲ್ಲಿ ಬರೆಯುತ್ತಾನೆ. ವೃತ್ತಿಯವರು ಇದನ್ನು ಫಾಲ್ಸ್ ಪಾಥ್ ಎನ್ನುತ್ತಾರೆ. ಹೆಸರು ಅಷ್ಟು ಒಳ್ಳೆಯದಲ್ಲ. ದಾರಿಯು ಸುಳ್ಳಲ್ಲ, ಅದರ ಮೇಲಿನ ಪರೀಕ್ಷೆಯನ್ನು ಬಿಟ್ಟಿದೆ ಅಷ್ಟೆ. ಕ್ಲಾಕಿನ ಘೋಷಣೆಯಿಂದ ಎಲ್ಲ ದಾರಿಗಳಿಗೂ ಏಕಕಾಲದಲ್ಲಿ ಪ್ರಾಪ್ತವಾಗಿದ್ದ ಪರೀಕ್ಷೆಯನ್ನು ಕೆಲವಕ್ಕೆ ನಿವಾರಿಸುವುದರಿಂದ ಇದು ಪರಿಸಂಖ್ಯೆ.

ಮೀಮಾಂಸಕರು ಪರಿಸಂಖ್ಯೆಗೆ ಮೂರು ದೋಷಗಳನ್ನು ಹೇಳಿ, ಅನ್ಯಗತಿ ಇಲ್ಲದಾಗ ಮಾತ್ರ ಅದನ್ನು ಒಪ್ಪುತ್ತಾರೆ. ಶ್ರುತಹಾನಿ ಮತ್ತು ಅಶ್ರುತಕಲ್ಪನೆ ಎಂಬ ಮೊದಲೆರಡು ವಾಕ್ಯಾರ್ಥಕ್ಕೆ ಸಂಬಂಧಿಸಿದವು, ಇಲ್ಲಿಗೆ ಹೊಂದವು. ಪ್ರಾಪ್ತಬಾಧವೆಂಬ ಮೂರನೆಯದಾದರೋ ಪೂರ್ಣವಾಗಿ ಹೊಂದುತ್ತದೆ. ದೊರೆತಿದ್ದ ರಕ್ಷೆಯನ್ನು ತಾನಾಗಿ ತೆಗೆದುಹಾಕಿದಂತಾಯಿತು. ಆ ಸ್ಥಳದಲ್ಲಿ ಇನ್ನು ತಂತ್ರಾಂಶವು ಮೌನ, ವಿನ್ಯಾಸಕಾರನ ವಿವೇಕವೊಂದೇ ಪ್ರಮಾಣ. ಗಡುವು ಹತ್ತಿರವಾಗಿ ವರದಿಯಲ್ಲಿ ಋಣ ಉಳಿಕೆಗಳು ಕಾಣುತ್ತಿರುವಾಗ, ಅವುಗಳನ್ನು ಸುಳ್ಳುದಾರಿಗಳೆಂದು ಘೋಷಿಸಿ ವರದಿಯನ್ನು ಶುದ್ಧಮಾಡಿಬಿಡುವ ಆಸೆ ಈ ವೃತ್ತಿಯಲ್ಲಿ ಅಪರೂಪವಲ್ಲ. ಇದು ಯತಿಭಂಗವಾದ ಪದ್ಯಕ್ಕೆ ಯತಿನಿಯಮವೇ ಇಲ್ಲವೆಂದು ಟೀಕೆ ಬರೆದಂತೆ.

ನಿರ್ಬಂಧಗಳು ಒಂದಕ್ಕೊಂದು ವಿರುದ್ಧವಾದಾಗ ಬಲಾಬಲವಿಚಾರ ಬೇಕಾಗುತ್ತದೆ. ೨೦೧೨ರಿಂದ ಬಳಕೆಗೆ ಬಂದ ಝೈಲಿಂಕ್ಸಿನ ಎಕ್ಸ್.ಡಿ.ಸಿ. ಎಂಬ ನಿರ್ಬಂಧಭಾಷೆಯ ಕ್ರಮವನ್ನು ನೋಡಿದರೆ ವೈಯಾಕರಣರಿಗೆ ಸಂತೋಷವಾಗಬೇಕು. ಸುಳ್ಳುದಾರಿಯ ಘೋಷಣೆಯು ಪರಮಾವಧಿ ವಿಳಂಬದ ಹೇಳಿಕೆಗಿಂತ ಬಲವಾದದ್ದು, ಅದು ಹಲವು ಪೆಟ್ಟುಗಳ ಅವಕಾಶ ಕೊಡುವ ಹೇಳಿಕೆಗಿಂತ ಬಲವಾದದ್ದು. ಒಂದೇ ಜಾತಿಯ ಎರಡು ಹೇಳಿಕೆಗಳಲ್ಲಿ ವಿಶೇಷವನ್ನು ಕುರಿತದ್ದು ಸಾಮಾನ್ಯವನ್ನು ಬಾಧಿಸುತ್ತದೆ. ಅದೂ ಸಮವಾದರೆ ಪರದಲ್ಲಿ ಬಂದದ್ದಕ್ಕೆ ಪ್ರಾಬಲ್ಯ. ಉತ್ಸರ್ಗಾಪವಾದನ್ಯಾಯವೂ, ಸಮಬಲಗಳ ವಿರೋಧದಲ್ಲಿ ಪರಕಾರ್ಯವೇ ನಡೆಯತಕ್ಕದ್ದೆಂಬ ಪಾಣಿನಿಯ ವ್ಯವಸ್ಥೆಯೂ ಇವೇ. ಆ ಭಾಷೆಯನ್ನು ರಚಿಸಿದವರು ಅಷ್ಟಾಧ್ಯಾಯಿಯನ್ನು ಓದಿದ್ದರೆಂದು ಇದರಿಂದ ಊಹಿಸಬೇಕಾಗಿಲ್ಲ. ಸೂತ್ರಗಳ ರಾಶಿಯನ್ನು ಯಂತ್ರದಂತೆ ನಡೆಸಲು ಹೊರಟವರೆಲ್ಲರೂ ಈ ಪರಿಹಾರಕ್ಕೆ ಬಂದು ಸೇರುವುದು ಸಹಜ. ವರ್ಟೆಕ್ಸ್-೬ ಇದಕ್ಕಿಂತ ಹಿಂದಿನ ತಲೆಮಾರಿನದು, ಅದಕ್ಕೆ ಯು.ಸಿ.ಎಫ್. ಎಂಬ ಹಳೆಯ ಬರಹವೇ ಗತಿ. ಮಾತು ಬೇರೆಯಾದರೂ ಹೇಳಬೇಕಾದ ವಿಷಯಗಳು ಅವೇ.

ನಿರ್ಬಂಧವು ಬಿಗಿಯಾದಷ್ಟೂ ಕ್ಷೇಮವೆಂಬ ಭಾವನೆಯೂ ಸಾಧುವಲ್ಲ. ೮ ನ್ಯಾನೋಸೆಕೆಂಡು ಸಾಕಾಗಿರುವಲ್ಲಿ ೫ನ್ನು ಕೇಳಿದರೆ, ತಂತ್ರಾಂಶವು ಅನಗತ್ಯವಾದ ದಾರಿಗಳಿಗೆ ಹತ್ತಿರದ ಸ್ಥಾನಗಳನ್ನು ಹಂಚಿ, ನಿಜವಾಗಿ ಅವಸರವುಳ್ಳವನ್ನು ದೂರಕ್ಕೆ ತಳ್ಳಬಹುದು. ತಾಳವನ್ನೇ ವೇಗಗೊಳಿಸಿದರೆ ವಿದ್ಯುತ್ತಿನ ವ್ಯಯವೂ ಬಿಸಿಯೂ ಹೆಚ್ಚುತ್ತವೆ; ಕಾಡಿನ ನಡುವೆ ಬ್ಯಾಟರಿಯನ್ನು ನಂಬಿರುವವರಿಗೆ ಅದು ಸಲ್ಲದು. ತಾಳವನ್ನು ನಿಧಾನಗೊಳಿಸಿ ದಾರಿಗಳನ್ನು ಹೆಚ್ಚಿಸಿದರೆ ತುಂಡಿನಲ್ಲಿ ಸ್ಥಳ ಸಾಲದೆಹೋಗಬಹುದು. ಹಿನ್ನೀರಿನ ದೂರವೂ ಬ್ಯಾಟರಿಯ ತೂಕವೂ ಹೀಗೆ ಪರಂಪರೆಯಿಂದ ನ್ಯಾನೋಸೆಕೆಂಡಿನ ಲೆಕ್ಕದವರೆಗೆ ಇಳಿದುಬರುತ್ತವೆ.

ಇನ್ನು ತಪ್ಪಿನ ಪ್ರಮಾಣ. ಮೇಲಿನ ಲೆಕ್ಕದಂತೆ ಸೆಕೆಂಡಿಗೆ ೫೦ ಕೋಟಿ ಅಂಕೆಗಳು ಹರಿಯುವಲ್ಲಿ ನೂರು ಕೋಟಿಗೆ ಒಂದು ಕೆಟ್ಟರೂ ಎರಡು ಸೆಕೆಂಡಿಗೆ ಒಂದು ತಪ್ಪಾಯಿತು. ಹತ್ತು ಬಿಟ್ಟುಗಳಲ್ಲಿ ಕೆಟ್ಟದ್ದು ಅತ್ಯುಚ್ಚಸ್ಥಾನದ್ದಾದರೆ ಪೂರ್ಣಮಾನದ ಅರ್ಧದಷ್ಟು ಸುಳ್ಳು ಒಂದೇ ಏಟಿಗೆ ಸೇರುತ್ತದೆ. ಒಂಟಿಯಾದ ಇಂಥ ತಪ್ಪು ಎಲ್ಲ ಕಂಪನಸಂಖ್ಯೆಗಳಿಗೂ ಸಮವಾಗಿ ಹರಡಿ ಹಿನ್ನೆಲೆಯನ್ನು ತುಸು ಎತ್ತುತ್ತದೆ, ಅದು ಸಹ್ಯ. ತಪ್ಪುಗಳು ನಿಯತವಾದ ಅಂತರದಲ್ಲಿ ಮರುಕಳಿಸಿದರೆ, ಅಥವಾ ಬರುವ ಅಂಕೆಯ ಬೆಲೆಯನ್ನು ಅನುಸರಿಸಿ ಸಂಭವಿಸಿದರೆ, ಪಟ್ಟಿಯಲ್ಲಿ ಏರುತಗ್ಗುಗಳು ಮೂಡುತ್ತವೆ. ಗಂಟೆಗಟ್ಟಲೆ ಸರಾಸರಿ ಮಾಡಿದರೂ ಅವು ಅಳಿಯವು; ಗದ್ದಲವು ತಗ್ಗಿದಷ್ಟೂ ಅವೇ ಸ್ಪಷ್ಟವಾಗಿ ಎದ್ದುಕಾಣುತ್ತವೆ. ಹುಡುಕುತ್ತಿರುವುದೂ ಅಂಥದೇ ಒಂದು ತಗ್ಗು! ಆಕಾಶದಲ್ಲಿ ತಗ್ಗು ಉಂಟೆಂದವರಿಗೂ ಇಲ್ಲವೆಂದವರಿಗೂ ಈ ಭಯ ಸಮಾನ. ಆದುದರಿಂದಲೇ ಪಿ-ಸ್ಪೆಕ್ಕಿನ ರಚನೆಯನ್ನು ವಿವರಿಸಿದವರು ಅದು ರೇಡಿಯೋ ಉಪದ್ರವಕ್ಕೆ ಎಷ್ಟರಮಟ್ಟಿಗೆ ಈಡಾಗುವುದು, ಬೇಕಾದ ಸಂಕೇತವನ್ನು ಹಿಡಿಯಬಲ್ಲುದೇ ಎಂಬ ಪರೀಕ್ಷೆಗಳನ್ನೂ ಅದೇ ಲೇಖನದಲ್ಲಿ ಸೇರಿಸಿದರು.

ತರ್ಕದ ಬರಹವನ್ನು ಕಾಪಾಡುವವರು ನಿರ್ಬಂಧದ ಕಡತವನ್ನು ಉಪಾಂಗವೆಂದು ಉಪೇಕ್ಷಿಸುವುದುಂಟು. ಮೂಲವನ್ನು ಇಟ್ಟುಕೊಂಡು ಲಕ್ಷಣಗ್ರಂಥವನ್ನು ಕಳೆದುಕೊಂಡಂತೆ ಆಗುತ್ತದೆ. ಯಂತ್ರವೊಂದರ ಅಳತೆಯನ್ನು ವಿಮರ್ಶಿಸಹೊರಟವನು ತಂತ್ರಾಂಶದ ವರದಿಯಲ್ಲಿ ಸೋತ ದಾರಿಗಳ ಸಂಖ್ಯೆಯನ್ನು ಮಾತ್ರ ಕೇಳಿದರೆ ಸಾಲದು. ಯಾವ ನಿರ್ಬಂಧಕ್ಕೂ ಒಳಪಡದೆ ಉಳಿದ ದಾರಿಗಳೆಷ್ಟು, ಪರೀಕ್ಷೆಯಿಂದ ಬಿಟ್ಟವೆಷ್ಟು, ಒಂದೊಂದನ್ನು ಬಿಟ್ಟುದಕ್ಕೆ ಬರೆದಿಟ್ಟ ಕಾರಣವೇನು ಎಂಬ ಮೂರನ್ನೂ ಕೇಳತಕ್ಕದ್ದು. ಮೊದಲೆರಡಕ್ಕೆ ತಂತ್ರಾಂಶವೇ ಅಂಕಗಳನ್ನು ಕೊಡುತ್ತದೆ. ಮೂರನೆಯದು ಕಡತದಲ್ಲಿ ವಿನ್ಯಾಸಕಾರನು ಬರೆದ ಟಿಪ್ಪಣಿಯಲ್ಲಿ ಮಾತ್ರ ದೊರೆಯುತ್ತದೆ.